ಗೋಡೆಯೊಳಗಿನ ಗಡಿಗೆಗಳು

ಪಲ್ಟಿ ಹೊಡೆಯುವ ಪಾರಿವಾಳವನ್ನು ನೋಡದವರಿಗೆ ಮೊದಲು ಅದನ್ನಿಷ್ಟು ಹೇಳಬೇಕು. ಗುಂಪು ಕಟ್ಟಿಕೊಂಡು ಮೇಲೇರುತ್ತವೆ. ಕೆಳಗೆ ನಿಂತವರ ಕಣ್ಣಿಗೆ ಎಳ್ಳಿನಷ್ಟಾದ ಮೇಲೆ ಅವುಗಳಲ್ಲೊಂದು ಇದ್ದಕ್ಕಿದ್ದಂತೆ ರೆಕ್ಕೆ ಮೇಲೆತ್ತಿ, ಹಿಂದಕ್ಕೆ ಮಗುಚಿ, ಉರುಳುತ್ತ ಉರುಳುತ್ತ ಬೀಳುತ್ತದೆ. ಇನ್ನೇನು ಸತ್ತಿತು ಅನ್ನುವಾಗ ರೆಕ್ಕೆ ಬಿಚ್ಚಿ, ಏನೂ ಆಗದವರ ಹಾಗೆ ಹೋಗಿ ಗುಂಪು ಸೇರುತ್ತದೆ. ಹೆಚ್ಚು ಹೊತ್ತು ಬಿದ್ದ ಹಕ್ಕಿಗೆ ಹೆಚ್ಚು ಮರ್ಯಾದೆ. ಅಂಥದಕ್ಕೆ ಅಂಥದನ್ನೇ ಜೋಡಿ ಮಾಡಿ ಮರಿ ತೆಗೆಸುತ್ತಾರೆ. ನಾವೆಲ್ಲ ಕತ್ತೆತ್ತಿ ವಾಹ್ ವಾಹ್ ಅನ್ನುವಾಗ ಎಲ್ಲೋ ಕೂತು ಗಿಡುಗವೂ ನೋಡುತ್ತಿರುತ್ತದೆ. ಅದರ ಕಣ್ಣಿಗೆ ಅದು ರೋಗ ಬಂದು ಬೀಳುತ್ತಿರುವ ಹಕ್ಕಿ. ಹಾಗಾದರೆ ತಲೆಮಾರುಗಟ್ಟಲೆ ನಾವು ಪಾರಿವಾಳ ಸಾಕಿದ್ದು ಗಿಡುಗದ ಊಟಕ್ಕೇ ಸರಿ. ಈ ಮಾತನ್ನು ಅಪ್ಪನ ಮುಂದೆ ಆಡಿದರೆ ಅವನಿಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು.

ನಮ್ಮೂರು ಬೀಳಗಿ ತಾಲೂಕಿನಲ್ಲಿ ಘಟಪ್ರಭೆಯ ದಂಡೆಗಿತ್ತು. ಈಗ ಆಲಮಟ್ಟಿಯ ಹಿನ್ನೀರಿನ ಕೆಳಗಿದೆ. ನಮ್ಮದು ಬೀರಪ್ಪನಿಗೆ ನಡೆದುಕೊಳ್ಳುವ, ಕುರಿ ಕಾಯ್ದುಕೊಂಡು ಬಂದ ಮನೆತನ. ಅಜ್ಜನ ಕಾಲಕ್ಕೆ ಹೊಲವಾಯಿತು, ಅಪ್ಪನ ಕಾಲಕ್ಕೆ ಕುರಿ ಕಡಿಮೆಯಾಗಿ ಪಾರಿವಾಳ ಹೆಚ್ಚಾದವು. ಕುರಿ ಕಾಯ್ದವನ ಬುದ್ಧಿ ಮಾತ್ರ ಅಪ್ಪನನ್ನು ಬಿಟ್ಟು ಹೋಗಲಿಲ್ಲ. ಹಕ್ಕಿಗಳ ಗುಂಪಿಗೂ ಅವನು ಹಿಂಡು ಎಂದೇ ಅನ್ನುತ್ತಿದ್ದ.

ಮನೆ ಕಟ್ಟುವಾಗ ಅಜ್ಜ ಮೂಡಣ ದಿಕ್ಕಿನ ಮಣ್ಣಿನ ಗೋಡೆಯಲ್ಲಿ ಸಾಲಾಗಿ ಗಡಿಗೆಗಳನ್ನು ಬಾಯಿ ಹೊರಗೆ ಮಾಡಿ ಹೂಳಿಸಿದ್ದನಂತೆ. ಬಾಯಿ ಸಣ್ಣದು, ಹೊಟ್ಟೆ ಅಗಲ. ಪಾರಿವಾಳ ನುಸುಳುತ್ತದೆ, ಬೆಕ್ಕು ನುಸುಳುವುದಿಲ್ಲ, ಗಿಡುಗದ ಕಾಲು ತಳ ಮುಟ್ಟುವುದಿಲ್ಲ. ಕೆಳಗಿನ ಸಾಲು ನನ್ನ ಎದೆಮಟ್ಟಕ್ಕಿತ್ತು. ಎಲ್ಲಕ್ಕೂ ಮೇಲಿನ ಒಂದೇ ಒಂದು ಗಡಿಗೆ ಮಾಳಿಗೆಯ ತೊಲೆಯ ಕೆಳಗೆ, ಏಣಿ ಹಾಕಿದರೆ ಮಾತ್ರ ಸಿಗುವಷ್ಟು ಎತ್ತರಕ್ಕೆ.

ಕಾವಲಿಗೆ ಅಪ್ಪ ಕಾಗೆಗಳನ್ನು ಇಟ್ಟುಕೊಂಡಿದ್ದ. ತಮಾಷೆಯಲ್ಲ. ಬೆಳಿಗ್ಗೆ ಗಡಿಗೆಯ ಬಾಯಿಗೆ ತುರುಕಿದ ಅರಿವೆ ತೆಗೆಯುವ ಮೊದಲು ನಿನ್ನೆಯ ಜೋಳದ ರೊಟ್ಟಿಯನ್ನು ಮುರಿದು ಅಂಗಳದಲ್ಲಿ ಕಾಗೆಗಳಿಗೆ ಎಸೆಯುತ್ತಿದ್ದ. ಕಾಗೆಗಳು ಸುಮ್ಮನೆ ತಿಂದರೆ ಆಕಾಶ ಚೊಕ್ಕಟ, ಬಾಯಿ ತೆಗೆಯಬಹುದು. ತಿನ್ನುವುದು ಬಿಟ್ಟು ಕೂಗಿದರೆ ಅಂದು ಹಕ್ಕಿಗೆ ರಜೆ. ಗಿಡುಗ ಊರಿನ ಮೇಲೆ ಬಂತೋ, ಇಪ್ಪತ್ತು ಮೂವತ್ತು ಕಾಗೆ ಅದರ ಹಿಂದೆ ಬಿದ್ದು ಹೊಳೆಯಾಚೆ ದಾಟಿಸಿ ಬರುತ್ತಿದ್ದವು. ಕಾಗೆಗೆ ಇಟ್ಟ ಮೇಲೇ ಪಾರಿವಾಳಕ್ಕೆ ಇಡುವುದು ನಮ್ಮ ಮನೆಯ ಪದ್ಧತಿ. ರಬಕವಿ ಬನಹಟ್ಟಿಯ ಪಾರಿವಾಳದವರು ಇದನ್ನು ನೋಡಿ ನಗುತ್ತಿದ್ದರು.

ಊರು ಬಿಡುವುದಕ್ಕೆ ಒಂದು ವರ್ಷ ಮೊದಲು ನಾನು ಮುಧೋಳದ ಗಂಡನ ಮನೆ ಬಿಟ್ಟು ಬಂದೆ. ನನ್ನ ಸಿಟ್ಟು ದೊಡ್ಡದು, ಅವನ ಕೈ ಅದಕ್ಕಿಂತ ದೊಡ್ಡದು. ಮೂರು ವರ್ಷ ಎರಡೂ ಒಂದೇ ಸೂರಿನ ಕೆಳಗಿದ್ದವು. ನಾನು ಟ್ರಂಕು ಹೊತ್ತು ಅಂಗಳಕ್ಕೆ ಬಂದು ನಿಂತಾಗ ಅವ್ವ ಒಲೆಯ ಮುಂದಿನಿಂದಲೇ ಅಂದಳು, "ಸಿಟ್ಟಿನ್ಯಾಗ ಕೊಯ್ಕೊಂಡ ಮೂಗು ಶಾಂತ ಆದಮ್ಯಾಗ ಬರೂದಿಲ್ಲ, ಮಗಳ." ಅಪ್ಪ ಗೋಡೆಯ ಕಡೆ ಮುಖ ಮಾಡಿ ಗಡಿಗೆ ಬಳಿಯುತ್ತಿದ್ದ. ತಿರುಗದೆ ಹೇಳಿದ, "ಹಕ್ಕಿ ಗೂಡಿಗೆ ತಿರುಗಿ ಬಂದ್ರ ಯಾಕ ಬಂದಿ ಅಂತ ಯಾರರೆ ಕೇಳ್ತಾರೇನು? ಉಣ್ಣಾಕ ನೀಡು ಆಕಿಗೆ."

ಅಂದಿನಿಂದ ಹಕ್ಕಿಗಳಿಗೆ ಕಾಳು ಹಾಕುವುದು ನನ್ನ ಪಾಲಿಗೆ ಬಂತು. ಇಪ್ಪತ್ತೆರಡು ಇದ್ದವು. ಅವುಗಳಲ್ಲಿ ಕೆಂಪು ರೆಕ್ಕೆಯ ಗಂಡು ಒಂದು. ಅದರಷ್ಟು ಹೊತ್ತು ಬೀಳುವ ಹಕ್ಕಿ ಸುತ್ತ ನಾಲ್ಕು ತಾಲೂಕಿನಲ್ಲಿ ಇರಲಿಲ್ಲ. ಅಂಗೈಯಲ್ಲಿ ಜೋಳ ಹಿಡಿದು ನಾಲಿಗೆ ಲೊಚಗುಟ್ಟಿದರೆ ಅದು ಬಂದು ನನ್ನ ಮಣಿಕಟ್ಟಿನ ಮೇಲೆ ಕೂತು ತಿನ್ನುತ್ತಿತ್ತು. ಬೇರೆ ಯಾರ ಕೈಗೂ ಬರುತ್ತಿರಲಿಲ್ಲ. ಅದರ ಜೋಡಿ ಒಂದು ಬಿಳಿ ಹೆಣ್ಣು, ಬಲು ಅಂಜುಬುರುಕಿ. ಮುಧೋಳದಿಂದ ಯಾರಾದರೂ ಕರೆಯಲು ಬಂದಾರು, ಬಂದರೆ ಹೀಗೆ ಹೀಗೆ ಬೈಯಬೇಕು ಎಂದು ನಾನು ಎಷ್ಟೋ ಬೈಗುಳ ಕೂಡಿಸಿ ಇಟ್ಟುಕೊಂಡಿದ್ದೆ. ಯಾರೂ ಬರಲಿಲ್ಲ. ಬೈಗುಳವೆಲ್ಲ ಹಕ್ಕಿಗಳು ಕೇಳಿಸಿಕೊಂಡವು.

ಆ ವರ್ಷದ ಮಳೆಗಾಲದಲ್ಲೇ ಹಿನ್ನೀರು ಕೆಳಗಿನ ಓಣಿಗೆ ಬಂದು ನಿಂತಿತ್ತು. ಸಂಕ್ರಮಣ ಕಳೆದ ಮೇಲೆ ಉಳಿದವರೂ ಹೊರಟೆವು. ತೊಲೆ, ಜಂತಿ, ಬಾಗಿಲು, ಚೌಕಟ್ಟು ಎಲ್ಲ ಕಿತ್ತು ಟ್ರ್ಯಾಕ್ಟರಿಗೆ ಹೇರಿದೆವು. ನಿಂತದ್ದು ಬರೀ ಗೋಡೆ, ಮತ್ತೆ ಕೀಳಲು ಬಾರದ ಹೊಸ್ತಿಲು ಕಲ್ಲು. ಹಕ್ಕಿಗಳನ್ನು ಬುಟ್ಟಿಯಲ್ಲಿ ಹಾಕಿ, ಮೇಲೆ ಗೋಣಿತಾಟು ಹೊದಿಸಿ, ಅಪ್ಪ ತೊಡೆಯ ಮೇಲೆ ಇಟ್ಟುಕೊಂಡು ಕೂತ. ಐದಾರು ಮೈಲಿ ಆಚೆ, ಗುಡ್ಡದ ಬಯಲಿನಲ್ಲಿ ನಮಗೆ ಜಾಗ ಕೊಟ್ಟಿದ್ದರು. ಕಲ್ಲು, ಗರಸು, ಬಿಸಿಲು. ಒಂದು ಗಿಡವಿರಲಿಲ್ಲ, ಆದ್ದರಿಂದ ಒಂದು ಕಾಗೆಯೂ ಇರಲಿಲ್ಲ.

ಹಕ್ಕಿಗೆ ಮನೆ ಬದಲಿಸುವುದಕ್ಕೆ ಒಂದು ಕ್ರಮವಿದೆ. ಒಂದೊಂದು ರೆಕ್ಕೆಗೆ ನೂಲು ಸುತ್ತಿ, ನಲವತ್ತು ದಿನ ಹೊಸ ಜಾಗದಲ್ಲಿ ಕೂಡಿಹಾಕಬೇಕು. ಹೊಸ ಸೂರು ಅದರ ಕಣ್ಣಿಗೆ ಒಗ್ಗಬೇಕು. ಇಪ್ಪತ್ತಮೂರನೇ ದಿನಕ್ಕೆ ಅಪ್ಪ ಜಾಗದ ಕಾಗದಕ್ಕೆಂದು ಬೀಳಗಿಗೆ ಹೋಗಿದ್ದ. ರಬಕವಿಯಿಂದ ಸೋದರಮಾವ ಬಂದ. ಮಗ್ಗದ ಕೆಲಸ, ಜೊತೆಗೆ ಪಾರಿವಾಳದ ಹುಚ್ಚು. ತಗಡಿನ ಶೆಡ್ಡಿನಲ್ಲಿ ರೆಕ್ಕೆ ಕಟ್ಟಿಕೊಂಡು ಕೂತ ಹಕ್ಕಿಗಳನ್ನು ನೋಡಿ ಸೊಂಟಕ್ಕೆ ಕೈಯಿಟ್ಟ.

"ಏನಬೇ ಇದು, ಪಾರಿವಾಳ ಸಾಕೀರೋ ಕೋಳಿ ಸಾಕೀರೋ? ನಿಮ್ಮಪ್ಪನ ಹಕ್ಕಿ ಅಂದ್ರ ನಮ್ಮ ಓಣ್ಯಾಗ ಮಂದಿ ಮಗ್ಗ ನಿಂದರಿಸಿ ಹೊರಗ ಬರ್ತಿದ್ರು."

"ನಲವತ್ತು ದಿನಾ ಆಗಬೇಕು ಮಾವಾ."

"ಹೆದರಾಕತ್ತೀನಿ ಅಂತ ಹೇಳು."

ಅಷ್ಟೇ ಸಾಕಾಯಿತು. ನಾನು ಆಕಾಶ ನೋಡಿದೆ. ಕಾಗೆಯ ದನಿ ಎಲ್ಲೂ ಇಲ್ಲ. ನಮ್ಮ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಕಾಗೆ ಕೂಗದಿದ್ದರೆ ಆಕಾಶ ಚೊಕ್ಕಟ ಎಂದೇ ಅರ್ಥ. ಕೂಗಲು ಅಲ್ಲಿ ಕಾಗೆಯೇ ಇಲ್ಲವೆಂಬುದು ತಲೆಗೆ ಹೊಳೆಯಲಿಲ್ಲ. ಒಂದೊಂದೇ ಹಕ್ಕಿಯ ನೂಲು ಹಲ್ಲಿನಿಂದ ಹರಿದು ಮೇಲಕ್ಕೆ ಎಸೆದೆ.

ಏರಿದವು. ಎರಡು ಸುತ್ತು ಹಾಕಿದವು. ಕೆಂಪು ಗಂಡು ಒಂದು ಪಲ್ಟಿ ಹೊಡೆದು ಮಾವನ ಬಾಯಿ ಮುಚ್ಚಿಸಿತು. ಮೂರನೇ ಸುತ್ತಿಗೆ ಅದು ಹೊಳೆಯ ಕಡೆ ತಿರುಗಿತು, ಇಡೀ ಗುಂಪು ಅದರ ಹಿಂದೆ ತಿರುಗಿತು. ನಾವು ಮಾವನ ಮೋಟಾರ್ ಸೈಕಲ್ ಹತ್ತಿ ಬೆನ್ನು ಹತ್ತಿದೆವು.

ನಾವು ಮುಟ್ಟುವ ಹೊತ್ತಿಗೆ ಅವು ಹಳೆಯ ಮನೆಯ ಮೇಲೆ ಸುತ್ತುತ್ತಿದ್ದವು. ಮಾಳಿಗೆ ಇಲ್ಲದ ಮನೆ ಮೇಲಿನಿಂದ ಅವಕ್ಕೆ ಹೇಗೆ ಕಂಡಿತೋ, ಇಳಿಯಲು ಅನುಮಾನಿಸುತ್ತಿದ್ದವು. ಅಲ್ಲೂ ಕಾಗೆ ಇರಲಿಲ್ಲ. ಜನ ಹೋದ ಮೇಲೆ ಎಂಜಲಿಲ್ಲ, ಎಂಜಲಿಲ್ಲದ ಮೇಲೆ ಕಾಗೆ ಯಾಕೆ ಇರುತ್ತದೆ? ಕಾಗೆ ಖಾಲಿ ಮಾಡಿದ ಊರಿಗೆ ಗಿಡುಗ ಬಂದಿತ್ತು. ಹಿನ್ನೀರಿಗೆ ಇಳಿದ ಬಾತುಕೋಳಿಗಳ ಬೆನ್ನು ಹಿಡಿದು ಬಂದ ದೊಡ್ಡ ಜಾತಿಯದು. ಊರ ಮುಂದಿನ ಅರಳಿಮರದಿಂದ ಎದ್ದದ್ದು ನಮಗೆ ಕಾಣಲಿಲ್ಲ. ಗಾಳಿ ಹರಿದ ಸದ್ದು ಮಾತ್ರ ಕೇಳಿತು. ಒಂದು ಚುಕ್ಕೆಯ ಹಕ್ಕಿ ಆಗಷ್ಟೇ ಪಲ್ಟಿಗೆ ಬಿದ್ದಿತ್ತು. ಅದು ಮತ್ತೆ ರೆಕ್ಕೆ ಬಿಚ್ಚಲಿಲ್ಲ. ತಲೆ ಬೇರೆ ಮೈ ಬೇರೆಯಾಗಿ, ತಲೆ ಬಂದು ಮಾವನ ಕಾಲ ಬಳಿ ಬಿತ್ತು. ಕಣ್ಣು ಇನ್ನೂ ತೆರೆದಿತ್ತು.

ಉಳಿದವು ಚೆಲ್ಲಾಪಿಲ್ಲಿಯಾದವು. ಗಿಡುಗ ಒಂದರ ಮೇಲೊಂದು ಹೊಡೆಯಿತು. ಹಸಿವಿಗೆ ಒಂದೇ ಸಾಕಿತ್ತು, ಆದರೂ ಹೊಡೆಯಿತು. ಹೊಡೆದದ್ದನ್ನು ಬಿಟ್ಟು ಮತ್ತೊಂದಕ್ಕೆ ಹೋಯಿತು. ಒಂದು ಹಕ್ಕಿ ಹೊಟ್ಟೆ ಸೀಳಿಸಿಕೊಂಡು ಕರುಳು ಎಳೆಯುತ್ತ ಅಂಗಳದಲ್ಲಿ ನಡೆದಾಡಿತು. ನಾನು ಕಲ್ಲು ಎಸೆದೆ, ಕೂಗಿದೆ, ಸೆರಗು ಬಿಚ್ಚಿ ಬೀಸಿದೆ. ಬಿಳಿ ಹೆಣ್ಣಿಗೆ ಏಟು ಬಿದ್ದದ್ದನ್ನು ಕಣ್ಣಾರೆ ಕಂಡೆ. ಹತ್ತಿ ಹಿಂಜಿದ ಹಾಗೆ ಪುಕ್ಕ ಹಾರಿತು, ಅದು ಗೋಡೆಯಾಚೆ ಬಿತ್ತು. ಹೋಗಿ ನೋಡಿದರೆ ರಕ್ತ ಹತ್ತಿದ ಒಂದು ಹಿಡಿ ಬಿಳಿ ಪುಕ್ಕ, ಹಕ್ಕಿ ಇಲ್ಲ. ಗಿಡುಗ ಒಯ್ದಿತು ಅಂದುಕೊಂಡೆವು.

ಹೊತ್ತು ಮುಳುಗುವಾಗ ಕೈಗೆಟುಕುವ ಗಡಿಗೆಗಳಲ್ಲಿ ನಡುಗುತ್ತ ಕೂತಿದ್ದ ಹದಿನೇಳು ಹಕ್ಕಿಗಳನ್ನು ಹಿಡಿದು ತಂದೆವು. ಅಪ್ಪ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಮಾವ ತಲೆ ತಗ್ಗಿಸಿದ. ನಾನೇ ಎಲ್ಲ ಹೇಳಿದೆ, ಏನೂ ಬಚ್ಚಿಡಲಿಲ್ಲ. ಅಪ್ಪನ ಕೈ ಮೇಲೆದ್ದಿತು. ಅವನು ನನ್ನ ಮೇಲೆ ಕೈಯೆತ್ತಿದ್ದು ಅದೇ ಮೊದಲು. ನಾನು ಮುಖ ಸರಿಸಲಿಲ್ಲ, ಮುಧೋಳದಲ್ಲಿ ಅದು ಅಭ್ಯಾಸವಾಗಿತ್ತು. ಅದನ್ನು ಅಪ್ಪ ನೋಡಿದ. ಕೈ ತಿರುಗಿಸಿ ಪಕ್ಕದ ತಗಡಿಗೆ ಎಂಥ ಏಟು ಕೊಟ್ಟನೆಂದರೆ ತಗಡಿನ ಅಂಚು ಅಂಗೈಯನ್ನು ಉದ್ದಕ್ಕೆ ಕೊಯ್ದಿತು. ಅವ್ವ ಅರಿಸಿನ ಹಚ್ಚಿ ಕಟ್ಟಿದಳು.

ಅವನು ಹೊಡೆದಿದ್ದರೆ ಚೆನ್ನಾಗಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಆ ಕಟ್ಟಿದ ಕೈ ನೋಡಿದಾಗಲೆಲ್ಲ ನನಗೆ ಒಂದೇ ಹಟ. ಉಳಿದ ಹದಿನೇಳನ್ನು ಗಿಡುಗದ ಬಾಯಿಗೆ ಬೀಳದ ಹಾಗೆ ಈ ತಗಡಿನ ಮೇಲೆ ನಿಲ್ಲಿಸಿ ಅಪ್ಪನಿಗೆ ತೋರಿಸಬೇಕು.

ಮತ್ತೆ ಕೂಡಿಹಾಕಿದೆವು. ಈ ಸಲ ನಲವತ್ತರ ಮೇಲೆ ಐದು ದಿನ. ಶೆಡ್ಡಿನ ಸುತ್ತ ಜಾಲಿಮುಳ್ಳು ಹೊಂದಿಸಿದೆವು. ಹರಕು ಕ್ಯಾಸೆಟ್ಟುಗಳ ಟೇಪು ಎಳೆದು ಗಳುಗಳಿಗೆ ಕಟ್ಟಿದೆವು, ಬಿಸಿಲಿಗೆ ಮಿಂಚಿ ಗಾಳಿಗೆ ಗುಂಯ್‌ಗುಡಲಿ ಎಂದು. ನಾನು ದಿನಾ ರೊಟ್ಟಿ ಮುರಿದು ಎಸೆದೆ. ಎಲ್ಲಿಂದಲೋ ಎರಡು ಕಾಗೆ ಬಂದವು, ಆಮೇಲೆ ಐದು. ಅಪ್ಪ ಅದನ್ನು ನೋಡಿ ಮೊದಲ ಸಲ ನಕ್ಕ. ಕೊನೆಗೆ ಅವನೇ ನೂಲು ಬಿಚ್ಚಿದ. ಹಕ್ಕಿಗಳು ಏರಿದವು, ಆಡಿದವು, ತಗಡಿನ ಮೇಲೆ ಇಳಿದವು. ಮೂರು ದಿನ ನಮ್ಮ ಮನೆಯಲ್ಲಿ ಹಬ್ಬ.

ನಾಲ್ಕನೆಯ ದಿನ, ಹೊತ್ತೇರಿದ ಮೇಲೆ, ಕೆಂಪು ಗಂಡು ಹೊಳೆಯ ಕಡೆ ತಿರುಗಿತು. ಎಲ್ಲವೂ ಅದರ ಹಿಂದೆ ಹೋದವು. ದನ ಮನೆಗೆ ಬರುವ ಹೊತ್ತಿಗೆ ತಿರುಗಿ ಬಂದವು, ಒಂದು ಕಡಿಮೆ. ಮರುದಿನವೂ ಹಾಗೆಯೇ. ಹೊತ್ತೇರಿದ ಮೇಲೆ ಹೋಗುವುದು, ಸಂಜೆ ಕಾಳಿನ ಹೊತ್ತಿಗೆ ಬರುವುದು. ವಾರಗಟ್ಟಲೆ ಹೀಗೇ ನಡೆಯಿತು. ಕೆಲವು ದಿನ ಎಲ್ಲ ಬರುತ್ತಿದ್ದವು, ಕೆಲವು ದಿನ ಒಂದು ಕಡಿಮೆ, ಒಂದು ದಿನ ಎರಡು ಕಡಿಮೆ. ಒಂದು ಹಕ್ಕಿ ಒಂದೇ ಕಾಲಲ್ಲಿ ಬಂದಿತು, ರಾತ್ರಿಯೊಳಗೆ ಸತ್ತಿತು. ಕೆಂಪು ಗಂಡಿಗೆ ಮಾತ್ರ ಒಂದು ಪುಕ್ಕ ಅಲುಗಲಿಲ್ಲ.

ಒಂದು ದಿನ ಅದೊಂದನ್ನೇ ಬುಟ್ಟಿಯ ಕೆಳಗೆ ಮುಚ್ಚಿಟ್ಟೆವು. ಉಳಿದವು ಎಲ್ಲೂ ಹೋಗಲಿಲ್ಲ. ಆದರೆ ಅದು ಹೊತ್ತೇರಿದ್ದೇ ತಡ ಬಿದಿರಿಗೆ ತಲೆ ಬಡಿಯಲು ಶುರು ಮಾಡಿತು. ಕೊಕ್ಕಿನ ಬುಡದ ಚರ್ಮ ಕಿತ್ತು, ಮುಖವೆಲ್ಲ ರಕ್ತವಾಯಿತು. ನಿಲ್ಲಿಸಲಿಲ್ಲ. ಅಪ್ಪ ತಡೆಯಲಾರದೆ ಬುಟ್ಟಿ ಎತ್ತಿದ. ಬಾಣ ಬಿಟ್ಟ ಹಾಗೆ ಹೋಯಿತು.

ಮಾವನಿಗೆ ಹೇಳಿಕಳಿಸಿದೆ. ತಪ್ಪು ತನ್ನದೂ ಇದೆ ಎಂಬ ಅಳುಕು ಅವನಿಗಿತ್ತು, ಮಗ್ಗ ಬಿಟ್ಟು ಬಂದ. ಬರುವಾಗ ಗಟ್ಟಿ ಅರಿವೆಯ ಒಂದು ಸಣ್ಣ ಅಂಗಿ ಹೊಲಿದು ತಂದಿದ್ದ. ಪಾರಿವಾಳದ ಬೆನ್ನಿಗೆ ಕಟ್ಟುವಂಥದು. ಅದರ ಮೇಲೆ ನೈಲಾನ್ ಎಳೆಯ ನೂರಾರು ಉರುಳು, ಮೈಮೇಲಿನ ರೋಮದ ಹಾಗೆ ಎದ್ದು ನಿಂತಿದ್ದವು. ಗಿಡುಗ ಬಂದು ಹಿಡಿದರೆ ಉಗುರು ಉರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅಂಗಿಗೆ ದಾರ, ದಾರಕ್ಕೆ ಕಲ್ಲು. "ಹಾವೂ ಸಾಯತೈತಿ, ಕೋಲೂ ಮುರಿಯೂದಿಲ್ಲ" ಅಂದ ಮಾವ. ಅಂಗಿ ತೊಡುವ ಹಕ್ಕಿಯನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ. ರೆಕ್ಕೆ ಸೊಟ್ಟಗಾಗಿದ್ದ ಒಂದು ಮುದಿ ಹಕ್ಕಿಯನ್ನು ನಾನೇ ಆರಿಸಿ ಕೊಟ್ಟೆ. ಅದು ನನ್ನ ಕೈಯಲ್ಲಿ ಸುಮ್ಮನೆ ಕೂತು ಅಂಗಿ ಹಾಕಿಸಿಕೊಂಡಿತು.

ಹಳೆಯ ಮನೆಯ ಅಂಗಳದಲ್ಲಿ ಅದನ್ನು ಕಟ್ಟಿ, ನಾವು ಪಕ್ಕದ ಮನೆಯ ಗೋಡೆಯ ಹಿಂದೆ ಅವಿತೆವು. ಬಹಳ ಹೊತ್ತು ಹೋಗಲಿಲ್ಲ. ಒದ್ದೆ ಬಟ್ಟೆ ಕಲ್ಲಿಗೆ ಬಡಿದಂಥ ಸದ್ದು. ಓಡಿಹೋದರೆ ಗಿಡುಗ ಮುದಿ ಹಕ್ಕಿಯ ಮೇಲೆ ಕೂತಿತ್ತು. ಎರಡೂ ಕಾಲು ಸಿಕ್ಕಿಬಿದ್ದಿದ್ದವು, ಆದರೂ ಕೊಕ್ಕಿನಿಂದ ಅದರ ಕತ್ತು ಬಗೆಯುವುದನ್ನು ಬಿಟ್ಟಿರಲಿಲ್ಲ. ನನ್ನನ್ನು ನೋಡಿ ರೆಕ್ಕೆ ಅಗಲಿಸಿ ಬಾಯಿ ತೆರೆಯಿತು. ಹೆದರಿಕೆಯೇ ಇಲ್ಲ. ನಾನು ಅದರ ಕಾಲಿಗೆ ಕೈ ಹಾಕಿದೆ. ಒಂದು ಉಗುರು ಹೆಬ್ಬೆರಳಿನ ಬುಡದಲ್ಲಿ ಹೊಕ್ಕು ಆಚೆಗೆ ಬಂತು. ನನಗೆ ನೋವಾದ ನೆನಪಿಲ್ಲ. ಅಂಗಿ, ಮುದಿ ಹಕ್ಕಿ, ಗಿಡುಗ ಎಲ್ಲವನ್ನೂ ಸೇರಿಸಿ ಎತ್ತಿ, ನಮ್ಮ ಹೊಸ್ತಿಲು ಕಲ್ಲಿಗೆ ಬಡಿದೆ. ಅವ್ವ ಶುಕ್ರವಾರಕ್ಕೊಮ್ಮೆ ಅರಿಸಿನ ಕುಂಕುಮ ಇಡುತ್ತಿದ್ದ ಕಲ್ಲು. ಮತ್ತೆ ಬಡಿದೆ. ಎಲುಬು ಮುರಿಯುವುದು ಕೈಗೆ ಗೊತ್ತಾಗುತ್ತಿತ್ತು, ಅದರಿಂದ ನನಗೆ ಖುಷಿಯಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಆ ಹೊತ್ತಿಗೆ ನನ್ನ ಕೈಯಲ್ಲಿ ಮುಧೋಳವೂ ಇತ್ತು. ಮಾವ ಬಂದು ತೋಳು ಹಿಡಿದ.

"ಸತ್ತು ಎಷ್ಟೊತ್ತಾತು, ಬಿಡು ಇನ್ನ. ಏ ಹುಡುಗಿ, ಬಿಡಬೇ!"

ಬಿಟ್ಟು ಏದುಸಿರು ಬಿಡುತ್ತ ತಲೆಯೆತ್ತಿದೆ. ಎಲ್ಲಕ್ಕೂ ಮೇಲಿನ ಗಡಿಗೆಯ ಬಾಯಲ್ಲಿ ಕೆಂಪು ಗಂಡಿನ ತಲೆ ಕಂಡಿತು. ಒಳಗೆ ಬೆಚ್ಚಗೆ ಕೂತು ನನ್ನನ್ನೇ ನೋಡುತ್ತಿತ್ತು. ನನಗೆ ಆಗ ಎಲ್ಲ ತಿಳಿಯಿತು ಅನ್ನಿಸಿತು. ಈ ಬದ್ಮಾಶ್ ದಿನಾ ಎಲ್ಲರನ್ನೂ ಕರೆದುಕೊಂಡು ಬರುತ್ತಾನೆ, ತಾನು ಗಡಿಗೆಯಲ್ಲಿ ಅಡಗುತ್ತಾನೆ, ಹಿಂದೆ ಬಂದವರನ್ನು ಗಿಡುಗಕ್ಕೆ ಕೊಡುತ್ತಾನೆ. ಗಂಡಸು ಜಾತಿಯೇ ಇಷ್ಟು ಎಂದು ಕ್ಯಾಕರಿಸಿ ಉಗಿದೆ.

ಎರಡು ದಿನ ಬಿಟ್ಟು ಅರಳಿಮರದ ಮೇಲೆ ಇನ್ನೊಂದು ಗಿಡುಗ ಬಂದು ಕೂತಿತ್ತು. ಸತ್ತದ್ದರ ಜೋಡಿಯೋ, ಹೊಸದೋ. ಅಪ್ಪನಿಗೆ ಹೇಳಿದೆ. ಅವನು ಗಾಯ ಮಾಗಿದ ಅಂಗೈ ಉಜ್ಜಿಕೊಳ್ಳುತ್ತ ಅಂದ.

"ಗಿಡಗ ಎಷ್ಟಂತ ಕೊಲ್ಲತಿ? ಕುರಿ ಹಿಂಡಿನ್ಯಾಗ ಮುಂದಾಳು ಟಗರು ಕೆಟ್ಟ ದಾರಿ ಹಿಡದ್ರ ತ್ವಾಳನ್ನ ಬಡಕೋತ ಕುಂದ್ರೂದಿಲ್ಲ. ಟಗರನ್ನ ತಗೀತಾರ. ಹಿಂಡು ತಾನ ನಿಲ್ಲತೈತಿ."

"ತಗಿಯೂದಂದ್ರ?"

"ನಿಮ್ಮ ಮಾವಗ ಕೊಟ್ಟು ಬಿಡೂಣು. ಸೋಮವಾರ ಬರ್ತಾನ. ರಬಕವ್ಯಾಗ ಕೂಡಿಹಾಕಿ ಇಟ್ಕೊಳ್ಳಲಿ. ಜಾತಿ ಉಳೀತೈತಿ."

ಅದು ಶುಕ್ರವಾರ. ಸೋಮವಾರಕ್ಕೆ ಮೂರೇ ದಿನ. ಮರುದಿನ ಸಂಜೆ ಗುಂಪು ತಿರುಗಿ ಬರುವಾಗ ನಾನು ಅಂಗಳದಲ್ಲಿ ಕಾಳಿನ ಬುಟ್ಟಿ ಹಿಡಿದು ನಿಂತಿದ್ದೆ. ಏಳು ಬಂದವು. ಅವುಗಳಲ್ಲಿ ಒಂದು ತಗಡಿನ ಮೇಲೆ ಇಳಿಯಲಾರದೆ ನನ್ನ ಮುಂದೆಯೇ ಬಿತ್ತು. ಎದೆಯ ಚರ್ಮ ಸುಲಿದುಹೋಗಿ, ತಿಂದ ಕಾಳು ಹೊರಗೆ ಕಾಣುತ್ತಿತ್ತು. ಅದು ಇನ್ನೂ ಒದ್ದಾಡುತ್ತಿರುವಾಗಲೇ ಕೆಂಪು ಗಂಡು ಬಂದಿತು, ಒಂದೇ, ಎಲ್ಲರಿಗಿಂತ ಹಿಂದೆ, ಮೈಮೇಲೆ ಒಂದು ಗೀರಿಲ್ಲದೆ. ನಾನು ನಾಲಿಗೆ ಲೊಚಗುಟ್ಟಿದೆ. ಬಂದು ಮಣಿಕಟ್ಟಿನ ಮೇಲೆ ಕೂತಿತು. ಅಂಗೈಯ ಕಾಳಿಗೆ ಬಾಯಿ ಹಾಕಿತು. ಇನ್ನೊಂದು ಕೈಯಿಂದ ಅದರ ಕತ್ತು ಹಿಡಿದು ತಿರುವಿದೆ. ಸಣ್ಣ ಸದ್ದು, ಒಣ ಕಡ್ಡಿ ಮುರಿದಷ್ಟು. ರೆಕ್ಕೆ ಸ್ವಲ್ಪ ಹೊತ್ತು ನನ್ನ ಮೈಗೆ ಬಡಿಯುತ್ತಿತ್ತು.

ಅಪ್ಪ ಹೊಲದಿಂದ ಬಂದು ನೋಡಿದ. ಎತ್ತಿಕೊಂಡು ತಲೆ ನೇರ ಮಾಡಿ ಹಿಡಿಯಲು ನೋಡಿದ, ಅದು ಮತ್ತೆ ಮತ್ತೆ ಜೋಲಿತು. "ಸೋಮವಾರದ ತನಕ ತಡಿಯಾಕ ಆಗಲಿಲ್ಲಲ್ಲ ನಿನಗ" ಅಂದ. ಬೈಗುಳದ ದನಿಯಲ್ಲಿ ಅನ್ನಲಿಲ್ಲ. ಅವ್ವ ಸಾರು ಮಾಡಲೇ ಎಂದು ಕೇಳಿದಳು. ಶೆಡ್ಡಿನ ಹಿಂದೆ ಹೂಳಿದೆವು.

ಅಪ್ಪನ ಕುರಿಯ ಲೆಕ್ಕ ಸರಿಯಾಯಿತು. ಮರುದಿನ ಉಳಿದ ಆರು ಹಕ್ಕಿಗಳು ಏರಿ, ಬಯಲಿನ ಮೇಲೆ ಸುತ್ತಿ, ತಗಡಿನ ಮೇಲೆ ಇಳಿದವು. ಅದರ ಮರುದಿನವೂ. ಕಾಗೆಗಳು ಹತ್ತಾಗಿದ್ದವು. ಒಮ್ಮೆ ಗಿಡುಗ ಇತ್ತ ಬಂದಾಗ ಅಟ್ಟಿಸಿಕೊಂಡು ಹೋದವು. ಒಂದು ವಾರವಾಯಿತು, ಒಂದು ಹಕ್ಕಿಯೂ ಕಡಿಮೆಯಾಗಲಿಲ್ಲ. ಅಪ್ಪ ನನ್ನ ಜೊತೆ ಮೊದಲಿನ ಹಾಗೆ ಮಾತಾಡತೊಡಗಿದ. ನಾನು ಗೆದ್ದೆ ಅಂದುಕೊಂಡೆ. ಸೋಮವಾರ ಬಂದಿದ್ದ ಮಾವನಿಗೂ ಎದೆ ಉಬ್ಬಿಸಿ ಹೇಳಿದ್ದೆ, "ಬೇನಿ ಎಲ್ಲೈತಿ ಅಂತ ತಿಳಕೊಂಡು ಔಷಧ ಹಾಕಬೇಕು ಮಾವಾ."

ಆ ವಾರದ ಕೊನೆಗೆ ಒಂದು ಅಡ್ಡಮಳೆ ಹೊಡೆಯಿತು. ಇನ್ನು ನೀರು ಏರುವುದರೊಳಗೆ ಹಿತ್ತಲಲ್ಲಿ ಹೂಳಿದ್ದ ಒರಳುಕಲ್ಲನ್ನು ಕಿತ್ತು ತರಬೇಕೆಂದು ಅವ್ವ ಹಟ ಹಿಡಿದಳು. ಹಾರೆ ತೆಗೆದುಕೊಂಡು ನಾನು ಹೋದೆ. ಮೂಡಣ ಗೋಡೆ ಮಳೆಗೆ ನೆನೆದು ಅರ್ಧ ಕುಸಿದಿತ್ತು. ಕೆಳಗಿನ ಗಡಿಗೆಗಳು ಮಣ್ಣಿನಲ್ಲಿ ಚೂರಾಗಿ ಬಿದ್ದಿದ್ದವು. ಮೇಲಿನದು ಉಳಿದ ಗೋಡೆಯ ತುದಿಗೆ ಹಾಗೆಯೇ ಇತ್ತು. ಕುಸಿದ ಮಣ್ಣಿನ ಗುಡ್ಡೆ ಹತ್ತಿದರೆ ಈಗ ಕೈಗೆ ಸಿಗುವಂತಿತ್ತು. ಗಡಿಗೆ ಗಟ್ಟಿಯಿದ್ದರೆ ಒಯ್ಯೋಣವೆಂದು ಹತ್ತಿ ಕೈ ಹಾಕಿದೆ. ಒಳಗಿನಿಂದ ಯಾರೋ ಕುಕ್ಕಿದರು.

ಬಿಳಿ ಹೆಣ್ಣು. ಎದೆಯ ಎಲುಬು ಕೈಗೆ ಚುಚ್ಚುವಷ್ಟು ಬಡಕಲಾಗಿತ್ತು. ಬೆನ್ನಿನ ಮೇಲೆ ಬೆರಳುದ್ದದ ಗಾಯ ಮಾಗಿ ಅಲ್ಲಿ ಪುಕ್ಕ ಹುಟ್ಟಿರಲಿಲ್ಲ. ಅದರ ಕೆಳಗೆ ಎರಡು ಮರಿ. ಒಂದು ಸತ್ತು ಒಣಗಿತ್ತು. ಇನ್ನೊಂದು ಬಾಯಿ ತೆರೆಯಿತು.

ಉಡಿಯಲ್ಲಿ ಕಟ್ಟಿಕೊಂಡು ತಂದು ಅಪ್ಪನ ಮುಂದೆ ಬಿಚ್ಚಿದೆ. ಅಪ್ಪ ಹೆಣ್ಣನ್ನು ನೋಡಿದ, ಮರಿಯ ವಯಸ್ಸು ನೋಡಿದ, ಬೆರಳು ಮಡಿಸಿ ದಿನ ಎಣಿಸಿದ. ಆಮೇಲೆ ತನ್ನಷ್ಟಕ್ಕೆ ಹೇಳಿಕೊಂಡ.

"ರಾತ್ರಿ ಹೆಣ್ಣು ಕಾವಿಗೆ ಕುಂದರತೈತಿ. ಹೊತ್ತೇರಿದ ಮ್ಯಾಲ ಗಂಡು ಬಂದು ಬಿಡಸತೈತಿ, ಸಂಜೀತನಕ. ಹೊತ್ತೇರಿದ ಮ್ಯಾಲ ಹೋಗೂದು, ಸಂಜೀಗೆ ಬರೂದು... ನನಗ ತಿಳೀಬೇಕಿತ್ತು. ಹಕ್ಕಿ ಸಾಕಿದಾವ ನಾ. ಕುರಿ ಲೆಕ್ಕಾ ಹಾಕಿದೆ."

ಅಪ್ಪನಿಗೆ ತಿಳಿಯದ್ದು ತಪ್ಪಿರಬಹುದು, ಆದರೆ ಅವನು ಸೋಮವಾರದವರೆಗೆ ಕಾಯಲು ಹೇಳಿದ್ದ. ಅವ್ವ ಒಲೆಯ ಮುಂದೆ ಎದ್ದು ನಿಂತಳು. ಅಂದು ನಾನು ಅತ್ತಷ್ಟು ಮುಧೋಳದ ಮೂರು ವರ್ಷದಲ್ಲಿ ಅತ್ತಿರಲಿಲ್ಲ. ಗೋಡೆ ನೆನೆಯುವ ಊರಿನಲ್ಲಿ ಬೆನ್ನು ಸೀಳಿಸಿಕೊಂಡು ಕೂತವಳ ಬಳಿಗೆ ಆ ಕೆಂಪು ರೆಕ್ಕೆಯವನು ದಿನಾ ಹೋಗುತ್ತಿದ್ದ. ಮೊಟ್ಟೆ ಕಾಯುತ್ತಿದ್ದ, ಆಮೇಲೆ ಮರಿಗೆ ಗುಟುಕು ಕೊಡುತ್ತಿದ್ದ, ಅವಳು ಹೊರಗೆ ಹೋಗಿ ಎರಡು ಕಾಳು ತಿಂದು ಬರಲಿ ಎಂದು ಗಡಿಗೆಯಲ್ಲಿ ಕೂರುತ್ತಿದ್ದ. ಬುಟ್ಟಿಗೆ ಮುಖ ಒಡೆದುಕೊಂಡದ್ದು ಅದಕ್ಕೆ. ನನಗಾಗಿ ಐದಾರು ಮೈಲಿ ನಡೆದು ಬಂದ ಗಂಡಸನ್ನು ನಾನು ಕಂಡಿರಲಿಲ್ಲ, ಆದ್ದರಿಂದ ಇವನನ್ನು ಕಂಡಾಗ ಗುರುತು ಹತ್ತಲಿಲ್ಲ.

ಹೆಣ್ಣು ತಗಡಿನ ಶೆಡ್ಡಿನಲ್ಲೇ ಉಳಿಯಿತು. ಬಹಳ ದಿನ ಹೊತ್ತೇರುವ ಹೊತ್ತಿಗೆ ಗೂಡಿನ ಬಾಯಿಗೆ ಬಂದು ನಿಂತು ಹೊಳೆಯ ಕಡೆ ನೋಡುತ್ತಿತ್ತು, ಯಾರೋ ಬಿಡಿಸಲು ಬರುವವರಿದ್ದಾರೆ ಎಂಬಂತೆ. ಮರಿ ಬದುಕಿತು. ರೆಕ್ಕೆ ಕೆಂಪಾಯಿತು. ಅಪ್ಪನ ಹಿಂದೆ ಮುಂದೆ ಸುತ್ತುತ್ತಿತ್ತು, ನನ್ನ ಕೈಯಲ್ಲಿ ಕಾಳು ಕಂಡರೂ ಹತ್ತಿರ ಬರಲು ನೋಡುತ್ತಿತ್ತು. ನಾನು ಕಾಳು ನೆಲಕ್ಕೆ ಚೆಲ್ಲಿ ದೂರ ಸರಿಯುತ್ತಿದ್ದೆ. ಗಿಡುಗವನ್ನು ಬೈಯುವ ಬಾಯಿ ಅಂದಿಗೇ ನಿಂತಿತು. ಆ ಮರಿಯ ಅಪ್ಪ ತಿಂಗಳೊಪ್ಪತ್ತು ಆ ಅರಳಿಮರದ ಕೆಳಗೆ ಹೋಗಿ ಬಂದ, ಗಿಡುಗಕ್ಕೆ ಒಮ್ಮೆಯೂ ಸಿಗಲಿಲ್ಲ. ನನ್ನ ಕೈಗೆ ಕರೆದ ಕೂಡಲೇ ಬಂದು ಕೂತ.